ಗಂಜಿ ಹಾಕಿದ ಗಾಳಿಚೀಲ

ರಬಕವಿ
3 ನವೆಂಬರ್ 2024

ಶೀತಲಾ,

ಮೊನ್ನೆ ಫೋನಿನಲ್ಲಿ ನೀನು ಅರ್ಧ ತಾಸು ಮಾತಾಡಿದೆ, ನಾನು ಹೂಂ ಹೂಂ ಅಂದೆ. ಅದರಲ್ಲಿ ನನಗೆ ಕೇಳಿಸಿದ್ದು ನಿನ್ನ ನಗು ಮಾತ್ರ. ಅದಕ್ಕೇ ಮತ್ತೆ ಕಾಗದ ಹಿಡಿದಿದ್ದೇನೆ. ನೀನೂ ಕಾಗದವನ್ನೇ ಬರಿ. ವಾಟ್ಸಾಪಿನಲ್ಲಿ ಬರೆದರೆ ಅಪ್ಪ ಫೋನ್ ಹಿಡಿದುಕೊಂಡು ಓಣಿಯೆಲ್ಲ ತೋರಿಸಿ ಬರುತ್ತಾನೆ, ನನ್ನ ಕೈಗೆ ಸಿಗುವಷ್ಟರಲ್ಲಿ ಚಾರ್ಜ್ ಮುಗಿದಿರುತ್ತದೆ.

ನಿನ್ನೆ ದುರಗೇಶ ಎಂಬ ಸರ್ಕಾರಿ ಇಂಜಿನಿಯರ್ ನಮ್ಮ ಮಗ್ಗದ ಮನೆಗೆ ಬಂದಿದ್ದರು. ಡಿಸೆಂಬರ್ ಎಂಟಕ್ಕೆ ಹಿಪ್ಪರಗಿ ಬ್ಯಾರೇಜಿಗೆ ಮಂತ್ರಿಗಳು ಹೆಲಿಕಾಪ್ಟರಿನಲ್ಲಿ ಬರುತ್ತಾರಂತೆ. ಹೊಲ ಸಮ ಮಾಡಿ, ಸುಣ್ಣದಿಂದ ದುಂಡಗೆ ಗೆರೆ ಹಾಕಿ, ಪಕ್ಕದಲ್ಲೊಂದು ಕಂಬಕ್ಕೆ ಬಟ್ಟೆಯ ಗಾಳಿಚೀಲ ಕಟ್ಟುವುದು ಅವರ ಕೆಲಸ. "ಗಾಳಿ ಯಾ ಕಡಿಂದ ಬರಾಕತ್ತೇತಿ ಅಂತ ಪೈಲಟ್‌ಗೆ ಮ್ಯಾಲಿಂದ ಕಾಣಬೇಕ್ರಿ. ಹ್ವಾದ ಸಲ ಯಾರದೋ ಹಳೇ ಪೆಟಿಕೋಟ್ ಕಟ್ಟಿ ಬೈಸಿಕೊಂಡೇವಿ. ನೀವು ನೇಕಾರ ಮಂದಿ, ಒಂದು ಛಲೋದು ಹೊಲಿದ ಕೊಡ್ರಿ ಅಕ್ಕಾರ," ಎಂದರು.

ಅಪ್ಪ ನಡುವೆ ಬಾಯಿ ಹಾಕಿದ. "ಹೆಲಿಕಾಪ್ಟರ್ ಹಾರಸಾಕಿ ನನ್ನ ಸಣ್ಣ ಮಗಳರೀ!"

ಇಂಜಿನಿಯರ್ ಎದ್ದು ನಿಂತು ಅಪ್ಪನಿಗೆ ಕೈ ಮುಗಿದರು. ನಾನು ಕೊಟ್ಟ ಚಹಾ ಕುಡಿಯುವಾಗ ಅವರ ಕಣ್ಣು ಲೋಟದ ಮೇಲೇ ಇತ್ತು.

ನನಗೆ ಹೊಟ್ಟೆಕಿಚ್ಚು, ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮುಧೋಳದ ಮೈದಾನದಲ್ಲಿ ಅಪ್ಪನ ಹೆಗಲ ಮೇಲೆ ಕೂತು ಹೆಲಿಕಾಪ್ಟರ್ ಇಳಿಯುವುದನ್ನು ನೋಡಿದವಳು ನಾನು. ನೀನು ಅವ್ವನ ಸೆರಗಿನಲ್ಲಿ ನಿದ್ದೆ ಹೊಡೆಯುತ್ತಿದ್ದೆ. ಪೈಲಟ್ ಆಗಬೇಕೆಂದು ಮೊದಲು ಫಾರ್ಮ್ ತುಂಬಿದವಳು ನಾನು. ಬರಹದ ಪರೀಕ್ಷೆ ಪಾಸಾಗಿ, ವೈದ್ಯಕೀಯ ತಪಾಸಣೆಯಲ್ಲಿ ಕಿವಿಗೆ ಯಂತ್ರ ಹಾಕಿ, ಶಬ್ದ ಕೇಳಿದಾಗ ಗುಂಡಿ ಒತ್ತು ಎಂದಾಗ ಸುಮ್ಮನೆ ಕೂತವಳೂ ನಾನೇ. ಡಾಕ್ಟರು ಹೊರಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಮನೆಯಲ್ಲಿ ಪವರ್‌ಲೂಮ್ ಇದೆಯೇನಮ್ಮ?" ಅವ್ವ ತೀರಿದ ವರ್ಷ ಜಮಖಂಡಿಯ ಕಸ್ತೂರೆವ್ವ ಅತ್ತೆ ನಮ್ಮಲ್ಲಿ ಒಬ್ಬಳನ್ನು ಓದಿಸುತ್ತೇನೆ ಎಂದು ಒಂಬತ್ತು ವರ್ಷದ ನಿನ್ನನ್ನು ಕರೆದೊಯ್ದಳು. ಹನ್ನೆರಡು ವರ್ಷದ ನಾನು ಶಾಲೆಯ ಜೊತೆಗೇ ಮಗ್ಗದ ಮುಂದೆ ನಿಂತೆ. ನಿನ್ನ ಕಿವಿ ಜಮಖಂಡಿಯಲ್ಲಿ ಉಳಿಯಿತು, ನನ್ನದು ಇಲ್ಲಿ ಮಗ್ಗದ ಸದ್ದಿಗೆ ಹೋಯಿತು.

ಇದೆಲ್ಲ ನಿನಗೆ ಗೊತ್ತು. ಊರಲ್ಲಿ ಯಾರಿಗೂ ನೆನಪಿಲ್ಲ, ಅದಕ್ಕೇ ಬರೆದೆ.

ಚೀಲ ಹೇಗಿರಬೇಕು, ತಿಳಿಸು.

ನಿನ್ನ ಪುಸ್ತಕಗಳ ಮೇಲೆ ಮೊದಲು ಹೆಸರು ಬರೆದಿದ್ದ
ಪೂರ್ಣಿಮಾ


ಮುಂಬಯಿ
12 ನವೆಂಬರ್ 2024

ಅಕ್ಕಾ,

ಹಿಪ್ಪರಗಿಗೆ ಬರುವುದು ನಮ್ಮ ಕಂಪನಿಯದೇ ಹೆಲಿಕಾಪ್ಟರ್! ನನ್ನನ್ನೇ ಕಳಿಸಿ ಎಂದು ಬೆನ್ನು ಹತ್ತಿ ಒಪ್ಪಿಸಿದ್ದೇನೆ. ಬಲಗಡೆಯ ಸೀಟಿನಲ್ಲಿ ಕ್ಯಾಪ್ಟನ್, ಎಡಗಡೆ ನಾನು. ಫೆಬ್ರುವರಿಯ ಕೊನೆಗೆ ನನಗೆ ಕ್ಯಾಪ್ಟನ್ ಪರೀಕ್ಷೆ. ಗೆದ್ದರೆ ಬಲಗಡೆಯ ಸೀಟು ನನ್ನದು.

ಚೀಲ ನಿನ್ನಷ್ಟು ಉದ್ದ ಇರಲಿ, ಕೆಂಪು ಬಿಳಿ ಪಟ್ಟೆ ಇರಲಿ. ಎರಡೂ ಕಡೆ ಬಾಯಿ ಬೇಕು, ಒಂದು ಅಗಲ, ಇನ್ನೊಂದು ಸಣ್ಣದು. ಮುಖ್ಯವಾದ ಮಾತು: ಬಟ್ಟೆ ಮೆತ್ತಗೆ ಇರಬೇಕು. ಗಾಳಿ ಇಲ್ಲದಾಗ ಚೀಲ ಪೂರ್ತಿ ಜೋತು ಬೀಳಬೇಕು. ಅದು ಎಷ್ಟು ಎದ್ದಿದೆ ಎಂದು ನೋಡಿಯೇ ಗಾಳಿಯ ಜೋರು ಅಳೆಯುತ್ತೇವೆ. ನಾವು ಇಳಿಯುವುದು ಗಾಳಿಗೆ ಎದುರಾಗಿ. ಬೆನ್ನಿಗೆ ಗಾಳಿ ಇಟ್ಟುಕೊಂಡು ಇಳಿದರೆ ಕೊನೆಯ ಗಳಿಗೆಯಲ್ಲಿ ಹೆಲಿಕಾಪ್ಟರ್ ಧಪ್ಪನೆ ಕುಸಿಯಬಹುದು.

ಅಪ್ಪನಿಗೆ ಓದಿ ಹೇಳು: ಅಪ್ಪಾ, ನಾನು ಇಷ್ಟು ದೂರ ಬಂದದ್ದು ಅಕ್ಕನ ಪುಸ್ತಕ ಓದಿ. ಅವಳು ಅಂಚಿನಲ್ಲಿ ಬರೆದ ಟಿಪ್ಪಣಿ ಇಲ್ಲದಿದ್ದರೆ ನಾನು ಫಿಸಿಕ್ಸ್‌ನಲ್ಲಿ ನಪಾಸು.

ಕಿವಿಯ ಡಾಕ್ಟರ ಹತ್ತಿರ ಹೋದೆಯಾ? ಸುಳ್ಳು ಹೇಳಬೇಡ.

ನಿನ್ನನ್ನು ಮೇಲಿನಿಂದ ಗುರುತು ಹಿಡಿಯಲು ಕಾಯುತ್ತಿರುವ
ಶೀತಲ


ರಬಕವಿ
1 ಡಿಸೆಂಬರ್ 2024

ಶೀತಲಾ,

ಗಾಳಿಚೀಲ ಮುಗಿಯಿತು. ದರ್ಜಿಯಾಗಿದ್ದರೆ ಕೆಂಪು ತುಂಡು, ಬಿಳಿ ತುಂಡು ಕತ್ತರಿಸಿ ಜೋಡಿಸುತ್ತಿದ್ದ. ನಾನು ಮಗ್ಗದ ಮೇಲೆಯೇ ಪಟ್ಟೆ ಬರುವಂತೆ ನೇಯ್ದೆ, ಮೊಳ ಕೆಂಪು, ಮೊಳ ಬಿಳಿ. ನಾಲ್ಕು ದಿನ ಹಿಡಿಯಿತು. ಅಪ್ಪ ಮುಟ್ಟಿ ನೋಡಿ, "ಬಟ್ಟಿ ಅಂದ್ರ ಇದು. ಹಪ್ಪಳಧಾಂಗ ನಿಂತೇತಿ ನೋಡ," ಅಂದ. ನನ್ನ ಕೆಲಸಕ್ಕೆ ಅವನ ಬಾಯಿಂದ ಇಂಥ ಮಾತು ಬಂದು ಎಷ್ಟು ವರ್ಷವಾಗಿತ್ತೋ. ನಾನು ಹಿಗ್ಗುವಷ್ಟರಲ್ಲಿ, "ಸಣ್ಣಾಕಿ ಮ್ಯಾಲಿಂದ ನೋಡಿ ಖುಷಿ ಆಗ್ತಾಳ," ಎಂದು ಸೇರಿಸಿದ.

ನಿನ್ನೆ ಮಧ್ಯಾಹ್ನ ಊರ ಮೇಲೆ ಒಂದು ಹೆಲಿಕಾಪ್ಟರ್ ಹಾದು ಹೋಯಿತು. ನನಗೆ ಅದು ತಿಳಿಯುವುದು ಅಪ್ಪನಿಂದ. ಅವನ ಗದ್ದ ಮೇಲೆ ಎದ್ದರೆ ಹೆಲಿಕಾಪ್ಟರ್ ಬಂದಿದೆ ಎಂದು ಲೆಕ್ಕ. ಮಗ್ಗ ಬಿಟ್ಟು ಬಾಗಿಲಿಗೆ ಓಡುತ್ತಾನೆ, ಅದರಲ್ಲಿ ನೀನೇ ಇದ್ದೀಯ ಎನ್ನುವ ಹಾಗೆ ಕೈ ಬೀಸುತ್ತಾನೆ. ನಾನು ಹಗಲೆಲ್ಲ ಅವನ ಎದುರಿಗೇ ನಿಂತಿರುತ್ತೇನೆ. ನನ್ನನ್ನು ನೋಡುವಾಗ ಅವನ ಮುಖ ಹಾಗೆ ಎಂದೂ ಆಗಿಲ್ಲ.

ಎಂಟನೇ ತಾರೀಖು ಮಂದಿ ನಿನ್ನ ಹೆಲಿಕಾಪ್ಟರ್ ನೋಡಲಿ. ಆದರೆ ಅದಕ್ಕೂ ಮೊದಲು ನನ್ನ ಚೀಲ ನೋಡಬೇಕು, ಹಾಗೆ ಮಾಡಿದ್ದೇನೆ.

ಅವತ್ತು ಬೇಲಿಯ ಈಚೆ ನಿಲ್ಲುವ
ಪೂರ್ಣಿಮಾ


ಮುಂಬಯಿ
12 ಡಿಸೆಂಬರ್ 2024

ಅಕ್ಕಾ,

ಅಲ್ಲಿ ನಿನ್ನ ಜೊತೆ ಮಾತಾಡಲು ಆಗಲಿಲ್ಲ. ಕಾಗದದಲ್ಲಿ ಸಿಟ್ಟು ಮಾಡುವುದು ಕಷ್ಟ, ಆದರೂ ಪ್ರಯತ್ನಿಸುತ್ತೇನೆ.

ನಾವು ಬ್ಯಾರೇಜಿನ ಮೇಲೆ ಬಂದಾಗ ನಿನ್ನ ಚೀಲ ಎರಡು ಮೈಲಿಯಿಂದಲೇ ಕಂಡಿತು. ಬಾಲ ಪೂರ್ವಕ್ಕೆ ಚಾಚಿ ನೆಟ್ಟಗೆ ನಿಂತಿತ್ತು. ಅಂದರೆ ಪಶ್ಚಿಮದಿಂದ ಜೋರು ಗಾಳಿ ಬೀಸುತ್ತಿದೆ ಎಂದು ಅರ್ಥ. ಕ್ಯಾಪ್ಟನ್ ಪಶ್ಚಿಮಕ್ಕೆ ಮುಖ ಮಾಡಿ ಇಳಿಸತೊಡಗಿದರು. ಅಷ್ಟರಲ್ಲಿ ನಾನು ಕಬ್ಬು ಕಡಿದ ಹೊಲವೊಂದನ್ನು ನೋಡಿದೆ. ಅಲ್ಲಿ ಉಳಿದ ಒಣ ಎಲೆ, ರವದಿ ಸುಡುತ್ತಿದ್ದರು. ಹೊಗೆ ಪಶ್ಚಿಮಕ್ಕೆ ಹೋಗುತ್ತಿತ್ತು, ಚೀಲ ತೋರಿಸಿದ್ದಕ್ಕೆ ಪೂರ್ತಿ ಉಲ್ಟಾ. ಕ್ಯಾಪ್ಟನ್‌ಗೆ ಹೇಳಿದೆ. ಹೊಗೆ ದೂರ ಇದೆ, ಚೀಲ ಹತ್ತಿರ ಇದೆ, ಚೀಲ ನಂಬು ಎಂದರು. ನೆಲ ಹತ್ತಿರ ಬಂದಂತೆ ಹೆಲಿಕಾಪ್ಟರ್ ನಡುಗತೊಡಗಿತು. ಇಳಿಸಬೇಡಿ, ಮತ್ತೆ ಮೇಲೇರಿಸಿ ಎಂದು ನಾನು ಕೂಗಿದೆ. ಹಾಗೆ ಇಬ್ಬರಲ್ಲಿ ಒಬ್ಬರು ಕೂಗಿದರೂ ಏರಿಸಲೇಬೇಕು, ಅದು ನಿಯಮ. ಏರಿಸಿ, ಸುತ್ತು ಹೊಡೆದು, ಆ ಕಡೆಯಿಂದ ಬಂದು ಇಳಿದೆವು. ಹಿಂದೆ ಕೂತ ಮಂತ್ರಿಗಳು ದೇವರ ಹೆಸರು ಹೇಳುತ್ತಿದ್ದರು.

ಇಳಿದು, ತಲೆಯ ಮೇಲಿನ ಪಂಕ ನಿಂತ ಮೇಲೆ ಕಂಬದ ಹತ್ತಿರ ಹೋದೆ. ಎಲೆ ಅಲುಗುವಷ್ಟು ಮಾತ್ರ ಗಾಳಿ ಇತ್ತು, ಪೂರ್ವದಿಂದ. ನಿನ್ನ ಚೀಲ ಮಾತ್ರ ಕೋಲು ತುರುಕಿದಂತೆ ನಿಂತೇ ಇತ್ತು. ಇದ್ದ ಅಷ್ಟು ಗಾಳಿಗೆ ತಿರುಗಲೂ ಇಲ್ಲ. ಮೂಗಿಗೆ ನಮ್ಮ ಮನೆಯ ವಾಸನೆ ಬಂತು, ಹುಳಿ ಬಂದ ಗಂಜಿಯ ವಾಸನೆ.

ಹಗ್ಗದ ಆಚೆ ಅಪ್ಪ, "ನಮ್ಮ ಸಣ್ಣಾಕಿ! ನಮ್ಮ ಸಣ್ಣಾಕಿ!" ಎಂದು ಕುಣಿಯುತ್ತಿದ್ದ. ಪಕ್ಕದಲ್ಲಿ ನೀನಿದ್ದೆ. ನಾನು ನಿನ್ನನ್ನೇ ನೋಡಿದೆ, ನೀನು ಮುಖ ತಿರುಗಿಸಿದೆ.

ಗಂಜಿ ಹಾಕಿದೆಯಾ?

ಶೀತಲ


ರಬಕವಿ
24 ಡಿಸೆಂಬರ್ 2024

ಶೀತಲಾ,

ಹೊಗೆ ಕಂಡದ್ದು ನಿನಗೆ, ಚೀಲ ಕಂಡದ್ದು ನಿನ್ನ ಕ್ಯಾಪ್ಟನ್‌ಗೆ. ಯಾರದು ಖರೆ ಎಂದು ಮಗ್ಗದ ಮುಂದೆ ನಿಂತವಳನ್ನು ಯಾಕೆ ಕೇಳುತ್ತೀಯ?

ಚೀಲವನ್ನು ಇಂಜಿನಿಯರ್ ಅವತ್ತೇ ಸಂಜೆ ವಾಪಸು ಕೊಟ್ಟರು. ಧೂಳಾಗಿತ್ತು, ಒಗೆದು ಟ್ರಂಕಿನಲ್ಲಿ ಇಟ್ಟಿದ್ದೇನೆ. ಈಗ ಬಂದು ಮೂಸಿ ನೋಡಿದರೆ ಸಾಬೂನಿನ ವಾಸನೆ ಬರುತ್ತದೆ.

ದೀಪಾವಳಿಗೆ ಮಾತ್ರ ಜಮಖಂಡಿಯಿಂದ ಬಂದು ಹೋಗುತ್ತಿದ್ದವಳಿಗೆ ಗಂಜಿಯ ವಾಸನೆ ನೆನಪಿದೆಯಲ್ಲ, ಸಂತೋಷ. ಜೋತುಬಿದ್ದ ಬಟ್ಟೆಯನ್ನು ನಮ್ಮ ಮನೆಯ ಹೊಸ್ತಿಲು ದಾಟಿಸುವುದಿಲ್ಲ ಎಂಬುದೂ ನೆನಪಿರಬೇಕು. ಅಂಥ ಬಟ್ಟೆ ಕೊಟ್ಟರೆ ಮಂದಿ ನೇಕಾರನ ಹೆಸರು ಹಿಡಿದು ನಗುತ್ತಾರೆ. ಅವತ್ತು ಮಂದಿ ನಗಲಿಲ್ಲ. ಐದು ನಿಮಿಷವಾದರೂ ಚೀಲ ನೋಡಿ, "ಯಾರು ನೇಯ್ದಾರಪಾ ಇದನ್ನ?" ಅಂದರು. ನೀನು ಬಂದೆ, ಆಮೇಲೆ ಯಾರೂ ಅನ್ನಲಿಲ್ಲ.

ಪೂರ್ಣಿಮಾ


ಮುಂಬಯಿ
18 ಜನವರಿ 2025

ಅಕ್ಕಾ,

ನನ್ನ ಕ್ಯಾಪ್ಟನ್ ಪರೀಕ್ಷೆ ನಿಂತಿದೆ.

ಗಾಳಿಚೀಲ ಸರಿಯಾಗಿತ್ತು, ಶೀತಲ ಹೆದರಿ ಸುಮ್ಮನೆ ಕೂಗಿದಳು ಎಂದು ಕ್ಯಾಪ್ಟನ್ ಬರೆದುಕೊಟ್ಟಿದ್ದಾರೆ. ಮಂತ್ರಿಗಳ ಕಡೆಯಿಂದಲೂ ದೂರು ಬಂದಿದೆ. ಯಾರೋ ತೆಗೆದ ಫೋಟೋದಲ್ಲಿ ಚೀಲ ಹದಿನೈದು ನಾಟ್ ವೇಗದ ಜೋರು ಗಾಳಿಯಲ್ಲಿ ನಿಂತ ಹಾಗೆ ನಿಂತಿದೆ. ರವದಿಯ ಹೊಗೆ ಫೋಟೋದಲ್ಲಿ ಇಲ್ಲ. ಚೀಲದಲ್ಲಿ ದೋಷವಿತ್ತು ಎಂದು ಅದನ್ನು ಮಾಡಿದವರೇ ಫೆಬ್ರುವರಿ ಮುಗಿಯುವುದರೊಳಗೆ ಬರೆದುಕೊಟ್ಟರೆ ನನ್ನ ಮಾತು ನಿಲ್ಲುತ್ತದೆ. ಇಲ್ಲದಿದ್ದರೆ ಇನ್ನೆರಡು ವರ್ಷ ಎಡಗಡೆಯ ಸೀಟು, ಅದೂ ಅವರು ಕೆಲಸದಲ್ಲಿ ಇಟ್ಟುಕೊಂಡರೆ.

ಮಾಡಿದವರು ಯಾರು ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ನೀನು ಬರೆಯದಿದ್ದರೆ ನಿನ್ನ ಹೆಸರು ನನ್ನ ಬಾಯಿಂದ ಬರುವುದಿಲ್ಲ.

ಹೊಟ್ಟೆಕಿಚ್ಚು ನಿನಗೊಬ್ಬಳಿಗೇ ಇದೆ ಎಂದು ತಿಳಿಯಬೇಡ. ಅಪ್ಪನ ಎದುರಿಗೆ ಹದಿನೇಳು ವರ್ಷ ನಿಂತವಳು ನೀನು. ನನಗೆ ಸಿಕ್ಕದ್ದು ದೀಪಾವಳಿಯ ನಾಲ್ಕು ದಿನ. ಅತ್ತೆಯ ಮನೆಯಲ್ಲಿ ನಾನು ಎರಡನೇ ರೊಟ್ಟಿ ಕೇಳುವ ಮೊದಲು ಯಾರ ಮುಖ ಹೇಗಿದೆ ಎಂದು ನೋಡಿಕೊಳ್ಳುತ್ತಿದ್ದೆ. ನನಗೆ ಇವತ್ತಿಗೂ ಲಾಳಿಗೆ ನೂಲು ಹಾಕಲು ಬರುವುದಿಲ್ಲ, ಅಪ್ಪ ಕಲಿಸಲೇ ಇಲ್ಲ. ಹೆಲಿಕಾಪ್ಟರ್ ಬಂದಾಗ ಅವನು ಮೇಲೆ ನೋಡುತ್ತಾನೆ, ನಿಜ. ದೂರ ಇದ್ದವಳನ್ನು ಇನ್ನು ಹೇಗೆ ನೋಡಬೇಕು?

ಶೀತಲ


ರಬಕವಿ
5 ಫೆಬ್ರುವರಿ 2025

ಶೀತಲಾ,

ನಿನ್ನ ಪತ್ರ ಮುಟ್ಟಿತು. ಇಲ್ಲಿ ಬಿಸಿಲು ಈಗಲೇ ಶುರುವಾಗಿದೆ. ಚಿಮ್ಮಡದ ವ್ಯಾಪಾರಿಯೊಬ್ಬರಿಗೆ ಇಪ್ಪತ್ತು ಸೀರೆ ಕೊಡುವುದಿದೆ, ಕೈಗೆ ಪುರುಸೊತ್ತಿಲ್ಲ. ಅಪ್ಪ ಆರಾಮ.

ಪೂರ್ಣಿಮಾ


ರಬಕವಿ
19 ಫೆಬ್ರುವರಿ 2025

ಶೀತಲಾ,

ಇದರೊಂದಿಗೆ ಇನ್ನೊಂದು ಹಾಳೆ ಇದೆ, ನಿನ್ನ ಕಂಪನಿಯವರಿಗೆ. ಮೊದಲು ಅದನ್ನು ಓದು.

"ರಬಕವಿಯ ನೇಕಾರರಾದ ಗೂಳಪ್ಪ ಅವರ ಹಿರಿಯ ಮಗಳು ಪೂರ್ಣಿಮಾ ಬರೆದುಕೊಡುವುದೇನೆಂದರೆ, ಕಳೆದ ಡಿಸೆಂಬರ್ ಎಂಟರಂದು ಹಿಪ್ಪರಗಿಯಲ್ಲಿ ಕಟ್ಟಿದ್ದ ಗಾಳಿಚೀಲವನ್ನು ನೇಯ್ದು ಹೊಲಿದವಳು ನಾನು. ಗಾಳಿ ಇಲ್ಲದಾಗ ಅದು ಜೋತು ಬೀಳಬೇಕೆಂದು ನನಗೆ ಮೊದಲೇ ಬರೆದು ತಿಳಿಸಿದ್ದರು. ಆದರೂ ನಾನು ಅದಕ್ಕೆ ಮೂರು ಸಲ ಗಂಜಿ ಹಾಕಿದೆ. ಅದು ಗಾಳಿ ಇಲ್ಲದೆಯೂ ನೆಟ್ಟಗೆ ನಿಲ್ಲುತ್ತಿತ್ತು, ಸಣ್ಣ ಗಾಳಿಗೆ ತಿರುಗುತ್ತಿರಲಿಲ್ಲ. ಅದು ತೋರಿಸಿದ್ದು ಸುಳ್ಳು, ನಿಮ್ಮ ಸಹ ಪೈಲಟ್ ಕೂಗಿದ್ದು ಸರಿ. ಅವತ್ತಿನದೇ ಬಟ್ಟೆಯಲ್ಲಿ ಉಳಿದ ಒಂದು ತುಂಡನ್ನು ಒಗೆಯದೆ ಇದರೊಂದಿಗೆ ಇಟ್ಟಿದ್ದೇನೆ. ಒಂದು ತುದಿ ಹಿಡಿದು ನೋಡಿರಿ, ಇನ್ನೊಂದು ತುದಿ ಬಾಗುವುದಿಲ್ಲ."

ಸಹಿ ಮಾಡಿದ್ದೇನೆ. ಈಗ ನಿನಗೆ ಹೇಳುವುದು.

ಈ ಹಾಳೆಯನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಹರಿಯುವಾಗ ಖುಷಿಯಾಗುತ್ತಿತ್ತು. ನಿನ್ನ ಪರೀಕ್ಷೆ ನಿಂತಿದೆ ಎಂದು ಓದಿದ ದಿನ ನಾನು ಶಾವಿಗೆ ಪಾಯಸ ಮಾಡಿ ಉಂಡಿದ್ದೇನೆ. ಅಪ್ಪ, "ಇವತ್ತೇನವಾ ಹಬ್ಬ?" ಎಂದು ಕೇಳಿದ್ದಕ್ಕೆ, ಸುಮ್ಮನೆ ಎಂದೆ. ನಿನ್ನ ನವೆಂಬರ್ ಪತ್ರವನ್ನು ಅವನಿಗೆ ಓದಿ ಹೇಳುವಾಗ ನನ್ನ ಪುಸ್ತಕದ ಸಾಲುಗಳನ್ನು ನುಂಗಿದ್ದೆ. ಓದಿದ್ದರೆ, ನೀನು ನನ್ನನ್ನು ಹೊಗಳಿದೆ ಎಂದು ಅವನು ಮತ್ತೆ ನಿನ್ನನ್ನೇ ಹೊಗಳುತ್ತಿದ್ದ, ಅದು ನನಗೆ ಬೇಡವಾಗಿತ್ತು.

ಗಂಜಿ ಹಾಕುವಾಗ ನಿನ್ನ ಪತ್ರ ಎದುರಿಗೇ ಇತ್ತು. ಹೆಲಿಕಾಪ್ಟರ್ ಕುಸಿಯಬಹುದು ಎಂದು ಬರೆದದ್ದನ್ನೂ ಓದಿದ್ದೆ. ಕುಸಿಯಲಿ ಎಂದು ಹಾಕಲಿಲ್ಲ, ಇದನ್ನು ನಂಬು. ಜೋತುಬಿದ್ದ ಚೀಲವನ್ನು ಸಾವಿರ ಮಂದಿಯ ಮುಂದೆ ನನ್ನ ಹೆಸರಿನಲ್ಲಿ ಕಟ್ಟಲು ಮನಸ್ಸು ಬರಲಿಲ್ಲ. ನೀನು ಹೇಳಿದ್ದಕ್ಕಿಂತ ನನಗೆ ಹೆಚ್ಚು ಗೊತ್ತಿದೆ, ಬಟ್ಟೆಯ ವಿಷಯದಲ್ಲಾದರೂ ಗೊತ್ತಿದೆ ಅನ್ನಿಸಿತು. ಅವತ್ತು ಹೆಲಿಕಾಪ್ಟರ್ ನಡುಗಿದಾಗ ನನಗೆ ಏನೂ ಕೇಳಿಸಲಿಲ್ಲ. ಅಪ್ಪನ ಮುಖ ಕಪ್ಪಿಟ್ಟದ್ದು ಕಾಣಿಸಿತು, ಆಗ ತಿಳಿಯಿತು.

ಮೊನ್ನೆ ಸೋಮವಾರ ಎದುರು ಮನೆಯ ಮುದಕಪ್ಪ ಕಾಕಾ ಕಟ್ಟೆಯ ಮೇಲೆ ಕೂತು ಗದ್ದ ಎತ್ತಿದ. ಹೆಲಿಕಾಪ್ಟರ್ ಬಂದಿದೆ ಎಂದು ತಿಳಿದು ನಾನು ಅಪ್ಪನ ಕಡೆ ತಿರುಗಿದೆ. ಅವನು ಬಗ್ಗಿ ಎಳೆ ಕಟ್ಟುತ್ತಿದ್ದ. ಎದ್ದು ಬರಲಿಲ್ಲ. ಹತ್ತಿರ ಹೋಗಿ ಯಾಕೆ ಎಂದು ಕೇಳಿದೆ. "ಸಣ್ಣಾಕಿ ಎರಡ ತಿಂಗಳಾತು ಫೋನೂ ಇಲ್ಲ, ಒಂದ ಮಾತು ತಿಳಿಸಿಲ್ಲ. ಅದರಾಗ ಆಕಿ ಇರೂದಿಲ್ಲ ಬಿಡ," ಎಂದ. ಡಿಸೆಂಬರ್‌ನಿಂದ ಈಚೆಗಿನ ನಿನ್ನ ಪತ್ರಗಳನ್ನು ನಾನು ಅವನಿಗೆ ಓದಿರಲಿಲ್ಲ.

ಅವನು ಮೇಲೆ ನೋಡುವುದನ್ನು ಬಿಟ್ಟರೆ ನನ್ನನ್ನು ನೋಡುತ್ತಾನೆ ಎಂದು ಇಷ್ಟು ವರ್ಷ ತಿಳಿದಿದ್ದೆ. ನೋಡಲಿಲ್ಲ. ನೆಲ ನೋಡಿದ. ನಿನ್ನ ಸೀಟು ಹೋದರೆ ಅದು ನನಗೆ ಬರುತ್ತದೆ ಎಂದು ನನ್ನ ಹೊಟ್ಟೆಯೊಳಗಿನ ಯಾವುದೋ ಮೂರ್ಖ ಪ್ರಾಣಿ ನಂಬಿತ್ತು. ಅದೂ ಬರುವುದಿಲ್ಲ. ಅಲ್ಲಿ ಇನ್ನಾರೋ ಬಂದು ಕೂಡುತ್ತಾರೆ, ಅವರಿಗೆ ರಬಕವಿ ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರುವುದಿಲ್ಲ.

ಆ ಸಂಜೆಯೇ ಎಲ್ಲ ಪತ್ರಗಳನ್ನೂ ಅಪ್ಪನಿಗೆ ಓದಿದೆ, ನುಂಗಿದ ಸಾಲುಗಳನ್ನೂ ಸೇರಿಸಿ. ನಾನು ಮಾಡಿದ್ದನ್ನೂ ಹೇಳಿದೆ. ಅವನು ಎದ್ದು ನನ್ನ ಕಿವಿಯ ಹತ್ತಿರ ಬಂದು, ಕೇಳಿಸಲಿ ಎಂದು ಜೋರಾಗಿ, "ಬಟ್ಟಿ ಹಪ್ಪಳಧಾಂಗ ನಿಂತೇತಿ ಅಂದಾಂವ ನಾನು. ತಪ್ಪು ನನ್ನದೂ ಐತಿ. ಬರದ ಕಳಸ," ಎಂದ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಹಾಳೆ ಕಳಿಸಿದ್ದೇನೆ, ಅದನ್ನೇ ತಿಳಿದುಕೋ.

ಪೂರ್ಣಿಮಾ


ಮುಂಬಯಿ
27 ಏಪ್ರಿಲ್ 2025

ಅಕ್ಕಾ,

ಇಷ್ಟು ದಿನ ಬರೆಯಲಿಲ್ಲ. ನಿನ್ನ ಮೇಲೆ ಸಿಟ್ಟಿತ್ತು, ಎರಡು ತಿಂಗಳು ಸಾಕಾದಷ್ಟು.

ನಿನ್ನ ತುಂಡು ಬಟ್ಟೆಯನ್ನು ಮೇಜಿನ ಅಂಚಿಗೆ ಹಿಡಿದು ದೊಡ್ಡ ಸಾಹೇಬರೇ ಪರೀಕ್ಷೆ ಮಾಡಿದರು. ಬಾಗಲಿಲ್ಲ. ಅಲ್ಲಿದ್ದ ನಾಲ್ಕು ಮಂದಿ ಒಬ್ಬರಾದ ಮೇಲೆ ಒಬ್ಬರು ಹಿಡಿದು ನೋಡಿದರು. ನನ್ನ ಪರೀಕ್ಷೆ ಮಾರ್ಚ್ ಕೊನೆಗೆ ಆಯಿತು, ಗೆದ್ದೆ.

ಹೋದ ಗುರುವಾರ ಮುಧೋಳ ದಾಟಿ ಬೀಳಗಿಯ ಕಡೆ ಹೋಗುವುದಿತ್ತು. ದಾರಿಯನ್ನು ಸ್ವಲ್ಪ ಬಾಗಿಸಿ ರಬಕವಿಯ ಮೇಲೆ ತಂದೆ. ನಮ್ಮ ಮಾಳಿಗೆಯ ಮೇಲೆ ಕಂಬಕ್ಕೆ ಚೀಲ ಕಟ್ಟಿದ್ದೀಯಲ್ಲ. ಮೆತ್ತಗೆ ಜೋತು ಬಿದ್ದಿತ್ತು. ಪಕ್ಕದಲ್ಲಿ ಇಬ್ಬರು ನಿಂತಿದ್ದರು, ಒಬ್ಬರು ಕೈ ಬೀಸುತ್ತಿದ್ದರು. ಇನ್ನೊಬ್ಬಳು ಬೀಸಲಿಲ್ಲ, ಅದಕ್ಕೇ ಗುರುತು ಸಿಕ್ಕಿತು.

ಬಲಗಡೆಯ ಸೀಟಿನಿಂದ,
ಶೀತಲ


ರಬಕವಿ
9 ಮೇ 2025

ಶೀತಲಾ,

ಹೌದು, ಬೀಸಲಿಲ್ಲ. ಆ ಚೀಲವನ್ನು ಮಾಳಿಗೆಗೆ ಕಟ್ಟುವ ಮೊದಲು ಏಳು ನೀರಿನಲ್ಲಿ ಒಗೆದಿದ್ದೇನೆ. ಓಣಿಯ ಮಂದಿ, "ಏನಬೇ, ಜೋತ ಬಿದ್ದ ಬಟ್ಟಿ ಕಟ್ಟೀರಿ?" ಎಂದು ಕೇಳುತ್ತಾರೆ. ಅದು ಹಾಗೇ ಇರಬೇಕು ಎಂದು ಅಪ್ಪ ಜಗಳಕ್ಕೆ ನಿಲ್ಲುತ್ತಾನೆ. ನೀನು ಬಂದದ್ದು ನನಗೆ ಅವನ ಗದ್ದ ನೋಡಿ ತಿಳಿಯಲಿಲ್ಲ. ನೀನು ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೆಯಲ್ಲ, ಬೆಳಿಗ್ಗೆಯಿಂದ ನಾನೇ ಮೇಲೆ ನೋಡುತ್ತ ನಿಂತಿದ್ದೆ, ಅವನಿಗಿಂತ ಮೊದಲು ಕಂಡೆ, ಅವನ ತೋಳು ಹಿಡಿದು ತೋರಿಸಿದೆ.

ಬನಹಟ್ಟಿಯ ಕಿವಿಯ ಡಾಕ್ಟರ ಹತ್ತಿರ ಹೋಗಿದ್ದೆ. ಇದ್ದದ್ದನ್ನು ಉಳಿಸಿಕೊಳ್ಳಬೇಕು ಎಂದರು. ಈಗ ಮಗ್ಗದ ಮುಂದೆ ಕಿವಿಗೆ ಹತ್ತಿ ತುರುಕಿ ನಿಲ್ಲುತ್ತೇನೆ.

ಹೊಟ್ಟೆಕಿಚ್ಚು ಹೋಗಿದೆ ಎಂದು ಬರೆದರೆ ಅದು ಗಂಜಿ ಹಾಕಿದ ಮಾತಾಗುತ್ತದೆ. ಹೋಗಿಲ್ಲ. ಆ ಗುರುವಾರ ನೀನು ಬಿಲ್ಲೆಯಷ್ಟಾಗಿ ಬೀಳಗಿಯ ಕಡೆ ಮರೆಯಾಗುವವರೆಗೆ ಹೊಟ್ಟೆ ಉರಿಯಿತು. ಆದರೆ ಒಂದು ವಿಷಯ ನೆನಪಾಯಿತು. ಇಷ್ಟು ವರ್ಷ ನಿನ್ನ ಮೇಲೆ ಉರಿದಿದ್ದೇನೆ, ಬೈದಿದ್ದೇನೆ, ಅಳುತ್ತ ಪುಸ್ತಕ ಕೊಟ್ಟಿದ್ದೇನೆ, ಮೂರು ಸಲ ಗಂಜಿಯನ್ನೂ ಹಾಕಿದ್ದೇನೆ. ಬೇಕು ಎಂದು ಮಾತ್ರ ಒಂದು ಸಲವೂ ನಿನ್ನನ್ನು ಕೇಳಿಲ್ಲ. ಈಗ ಕೇಳುತ್ತೇನೆ, ಮನೆಯಲ್ಲಿ ಮಾತಾಡುವ ಹಾಗೆ.

ನನಗ ಒಂದ ಸಲ ಅದರಾಗ ಕೂಡಬೇಕಾಗೇತಿ, ಶೀತಲಾ. ಹಿಂದ ಮಂತ್ರಿ ಕೂಡೂ ಜಾಗಾದಾಗ ಅಲ್ಲ. ಮುಂದ, ನಿನ್ನ ಎಡಕ.

ನಿನ್ನ ಅಕ್ಕ
ಪೂರ್ಣಿಮಾ